ರೆಕ್ಕೆಯೊಳಗಿನ ಬಿರುಕು

ಪ್ರೀತಿಯ ಅಪ್ಪನಿಗೆ,

ನಾನು ಚೆನ್ನಾಗಿದ್ದೇನೆ. ನೀವು ಇನ್ನೂ ಕೆಲಸಕ್ಕೆ ಹೋಗುತ್ತಿಲ್ಲವೆಂದು ಅಮ್ಮ ಹೇಳಿದಳು. ಅದಕ್ಕೇ ಬರೆಯುತ್ತಿದ್ದೇನೆ.

ವಿಮಾನ ರಚನೆಯ ತರಗತಿಯಲ್ಲಿ ಈ ವಾರ ಲೋಹದ ದಣಿವಿನ ಪಾಠವಾಯಿತು. ನಿಮಗೆ ಗೊತ್ತಿಲ್ಲದ್ದೇನಲ್ಲ. ಪ್ರತಿ ಹಾರಾಟದಲ್ಲೂ ರೆಕ್ಕೆ ಚೂರು ಬಾಗುತ್ತದೆ. ವರ್ಷಗಟ್ಟಲೆ ಹಾಗೆ ಬಾಗಿ ಬಾಗಿ, ಒಳಗಿನ ತೊಲೆಯಲ್ಲಿ ಬೋಲ್ಟಿನ ತೂತಿನ ಪಕ್ಕ ಕೂದಲೆಳೆಯಂಥ ಬಿರುಕು ಹುಟ್ಟುತ್ತದೆ. ಅಣ್ಣನ ವಿಮಾನದ ರೆಕ್ಕೆ ಮುರಿದದ್ದೂ ಅಲ್ಲೇ ಎಂದು ತನಿಖೆಯವರು ಹೇಳಿದ್ದರಲ್ಲ.

ತರಗತಿ ಮುಗಿದ ಮೇಲೆ ಮೇಡಂ ಹತ್ತಿರ ಎಲ್ಲವನ್ನೂ ಹೇಳಿಕೊಂಡೆ. ಅಣ್ಣ ಹೊಲಗಳಿಗೆ ಔಷಧಿ ಸಿಂಪಡಿಸುವ ಪುಟ್ಟ ವಿಮಾನ ಹಾರಿಸುತ್ತಿದ್ದುದು, ರೆಕ್ಕೆ ಮುರಿದ ದಿನ ಅದನ್ನು ಪರೀಕ್ಷಿಸಿ "ಸರಿಯಿದೆ, ಹೊರಡಪ್ಪ" ಎಂದ ಮೆಕ್ಯಾನಿಕ್ ನೀವೇ ಎಂಬುದು, ಎಲ್ಲ.

"ಆ ಬಿರುಕು ಹೊರಗಿಂದ ನೋಡಿದ್ರೆ ಕಾಣ್ತಿತ್ತಾ, ಮೇಡಂ?" ಎಂದು ಕೇಳಿದೆ.

"ಇಲ್ಲಮ್ಮ, ರೆಕ್ಕೆ ಬಿಚ್ಚದೆ ಯಾರ ಕಣ್ಣಿಗೂ ಬೀಳಲ್ಲ. ನಾನಿದ್ದಿದ್ರೂ ಹೊರಡು ಅಂತಿದ್ದೆ" ಎಂದರು.

ಅಪ್ಪಾ, ಈ ಮಾತು ಸಿಗಲೆಂದೇ ನಾನು ಈ ಓದಿಗೆ ಸೇರಿದ್ದು. ಸಿಕ್ಕ ದಿನ ಮನಸ್ಸು ಹಗುರಾಗುತ್ತದೆ ಅಂದುಕೊಂಡಿದ್ದೆ. ಆದರೆ ಹಾಸ್ಟೆಲಿಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಯಾರ ತಪ್ಪೂ ಇಲ್ಲವೆಂದು ಗೊತ್ತಾದ ಮೇಲೂ ಅಣ್ಣ ಇಲ್ಲವೇ ಇಲ್ಲ.

ಶನಿವಾರ ಬರುತ್ತಿದ್ದೇನೆ. ಯಾವಾಗಲೂ ಅಮ್ಮನನ್ನೇ ಸ್ಟೇಷನ್ನಿಗೆ ಕಳಿಸುತ್ತೀರಿ. ಈ ಸಲ ನೀವು ಬನ್ನಿ. ಏನೂ ಮಾತಾಡಬೇಕಿಲ್ಲ. ನನ್ನ ಮುಖ ಅಣ್ಣನ ಹಾಗೇ ಇದೆ, ಗೊತ್ತು. ಆದರೂ ಒಂದು ಸಲ ನೋಡಿ.

ಇತಿ,
ನಿಮ್ಮ ಗುಬ್ಬಿ