ಸೊಸೆ ಹಾಕಿದ ಟೊಮೆಟೊ ಉಪ್ಪಿನಕಾಯಿ

ಗಿಣಿಗೇರಾ

ಹುಲಿಹೈದರದ ಅವ್ವನಿಗೆ ಮಗಳು ಮಹೇಶ್ವರಿಯ ನಮಸ್ಕಾರ.

ಫೋನಿನಲ್ಲಿ ಮಾತಾಡಿದರೆ ನಿನಗೆ ಸರಿಯಾಗಿ ಕೇಳುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ತಮ್ಮ ಆಂಜನೇಯ ತಂದುಕೊಟ್ಟ ಟೊಮೆಟೊ ಉಪ್ಪಿನಕಾಯಿ ಮುಟ್ಟಿತು. ನಿನ್ನ ಅಳಿಯ ಒಂದು ರೊಟ್ಟಿ ಹೆಚ್ಚಿಗೇ ಉಂಡು, "ಅತ್ತಿಯವರ ಕೈ ರುಚಿನ ಬ್ಯಾರೆ ಬಿಡು" ಅಂದರು.

"ಈ ಸಲ ಅವ್ವ ಕೈ ಹಚ್ಚಿಲ್ರಿ ಮಾವ. ಎಲ್ಲಾ ನನ್ನ ಹೇಂತಿ ಶಿವಲಿಂಗಮ್ಮನ ಹಾಕ್ಯಾಳ" ಎಂದು ತಮ್ಮ ಹೆಮ್ಮೆಯಿಂದ ಹೇಳಿದ. ನಾನು ಉಪ್ಪಿನಕಾಯಿಯನ್ನು ತಟ್ಟೆಯ ಅಂಚಿಗೆ ಸರಿಸಿದೆ.

ಮದುವೆಯಾಗುವವರೆಗೂ ನೀನು ನನ್ನನ್ನು ಉಪ್ಪಿನಕಾಯಿಯ ಹತ್ತಿರ ಬಿಡಲಿಲ್ಲ. "ಕೊಟ್ಟ ಮನಿಗೆ ಹೋಗಾಕಿ, ನಿನಗ್ಯಾಕ? ನಾ ಇರೋತನ ಕಳಸ್ತೀನಿ" ಅನ್ನುತ್ತಿದ್ದೆ. ಅವಳು ಬಂದು ವರ್ಷ ತುಂಬುವುದರೊಳಗೆ ಎಲ್ಲವನ್ನೂ ಕಲಿಸಿಬಿಟ್ಟೆ.

ತಮ್ಮ ಊರಿಗೆ ಮರಳಿದ ಮೇಲೆ ಹಟಕ್ಕೆ ಬಿದ್ದು ನಾನೂ ಹಾಕಿದೆ. ಹಣ್ಣು ಹೆಚ್ಚಿ, ಉಪ್ಪು ಅರಿಶಿನ ಕಲಸಿಟ್ಟು, ಆಮೇಲೆ ಹಿಂಡಿ ಮಾಳಿಗೆಯ ಮೇಲೆ ಒಣಗಿಸಿದೆ. ಇಲ್ಲಿನ ಫ್ಯಾಕ್ಟರಿಯ ಕರಿ ಧೂಳು ಕೂರದಿರಲೆಂದು ಹಳೆಯ ಸೀರೆ ಹೊದಿಸಿ ಕಾದೆ. ಆದರೂ ಬೂಷ್ಟು ಹಿಡಿಯಿತು. ಯಾರಿಗೂ ಕಾಣದಂತೆ ತಿಪ್ಪೆಗೆ ಸುರಿದು ಬಂದೆ. ನಿನ್ನ ಅಳಿಯ ಇನ್ನೂ ಅವಳ ಉಪ್ಪಿನಕಾಯಿಯನ್ನೇ ಹೊಗಳುತ್ತಿದ್ದಾರೆ.

ಶಿವಲಿಂಗಮ್ಮ, ಅವ್ವನಿಗೆ ಇದನ್ನು ಓದಿ ಹೇಳುತ್ತಿರುವವಳು ನೀನೇ ಎಂದು ನನಗೆ ಗೊತ್ತು. ನನ್ನ ಹೊಟ್ಟೆಕಿಚ್ಚಿನ ಮಾತುಗಳನ್ನೂ ಬಿಡದೆ ಗಟ್ಟಿಯಾಗಿ ಓದು. ಆಮೇಲೆ, ಒಂದು ಬುಟ್ಟಿ ಹಣ್ಣಿಗೆ ಎಷ್ಟು ಹಿಡಿ ಉಪ್ಪು ಬೇಕೆಂದು ನನಗೆ ಬರೆದು ಕಳಿಸು. ಅವ್ವನ ಕೈಯ ಅಳತೆ ಈಗ ನನಗಿಂತ ನಿನಗೇ ಚೆನ್ನಾಗಿ ಗೊತ್ತು.

ನಿಮ್ಮಿಬ್ಬರ,
ಮಹೇಶ್ವರಿ