ಬದು ದಾಟದ ನೀರು

ಕಲ್ಯ
8-9-1999

ಮನೆಯವರಿಗೆ ವರಲಕ್ಷ್ಮಮ್ಮನ ನಮಸ್ಕಾರಗಳು.

ಆರೋಗ್ಯ ಹೇಗಿದೆ? ಕೆಮ್ಮು ಕಡಿಮೆಯಾಯಿತೇ? ಹೋದ ಸಲ ಜೈಲಿನಲ್ಲಿ ನಿಮ್ಮನ್ನು ನೋಡಿದಾಗ ಮುಖ ಬಹಳ ಬಾಡಿತ್ತು. ಕಂಬಳಿ ಕೊಟ್ಟರೋ ಇಲ್ಲವೋ ಬರೆಯಿರಿ. ನಾನು ಹೇಗೋ ಇದ್ದೇನೆ.

ಹೊಲದ ವಿಷಯ ಬರೆಯಬೇಕು. ಟೊಮೇಟೊಗೆಂದು ವರ್ಷವರ್ಷವೂ ಔಷಧಿ ಹೊಡೆದು, ಯೂರಿಯಾ ಅದು ಇದು ಎಂದು ಸರ್ಕಾರಿ ಗೊಬ್ಬರ ಸುರಿದು ನೆಲ ಕಲ್ಲಾಗಿ ಹೋಗಿತ್ತಲ್ಲ. ಮಳೆ ಬಂದರೆ ನೀರು ಇಂಗದೆ, ಬದು ಒಡೆದು ನಿಮ್ಮಣ್ಣನ ರಾಗಿ ಪೈರನ್ನು ಕೊಚ್ಚಿಕೊಂಡು ಹೋಗುತ್ತಿತ್ತು. ಅದಕ್ಕೇ ಅಲ್ಲವೇ ಆ ದಿನ ಮಾತಿಗೆ ಮಾತು ಬೆಳೆದು ನೀವು ಗುದ್ದಲಿ ಎತ್ತಿದ್ದು? ಭಾವನವರು ಅಂದಿನಿಂದ ಹಾಸಿಗೆ ಬಿಟ್ಟು ಏಳಲಿಲ್ಲ. ನೀವು ಹೋದ ಮೇಲೆ ಅಗೆದು ನೋಡಿದೆ, ಎಲ್ಲಿಯೂ ಒಂದು ಎರೆಹುಳು ಕಾಣಲಿಲ್ಲ. ಕುದೂರಿನಲ್ಲಿ ಕೃಷಿ ಇಲಾಖೆಯವರನ್ನು ಕೇಳಿದೆ. ಔಷಧಿ ನಿಲ್ಲಿಸಿ, ಸಗಣಿ ತರಗು ಹಾಕಿ ಹುಳು ಬಿಡು, ಅವು ತರಗು ತಿಂದು ಗೊಬ್ಬರ ಮಾಡುತ್ತವೆ, ಅವು ಕೊರೆದ ದಾರಿಯಲ್ಲಿ ನೀರು ಒಳಗಿಳಿಯುತ್ತದೆ ಎಂದರು.

ಹುಳು ಇದ್ದದ್ದು ಭಾವನವರ ತಿಪ್ಪೆಯಲ್ಲಿ. ಯಾವ ಮುಖ ಇಟ್ಟುಕೊಂಡು ಹೋಗಲಿ? ಆದರೂ ಹೋದೆ. ನಿಮ್ಮ ಅತ್ತಿಗೆ ಯಲ್ಲಮ್ಮಕ್ಕ ನನ್ನ ಮುಖ ನೋಡಲಿಲ್ಲ. ಕೈಲಿದ್ದ ಕುಕ್ಕೆ ಕಿತ್ತುಕೊಂಡು ತಾವೇ ತುಂಬಿಕೊಟ್ಟರು. “ಒದ್ದೆ ಗೋಣಿ ಮುಚ್ಚು. ಬಿಸ್ಲು ಬಿದ್ರೆ ಸತ್ತೋಯ್ತವೆ,” ಎಂದು ಒಳಗೆ ಹೋಗಿಬಿಟ್ಟರು.

ಈಗ ಮಣ್ಣು ಹಿಡಿಯಲ್ಲಿ ಪುಡಿಯಾಗುತ್ತದೆ. ನೆಲದ ಮೇಲೆಲ್ಲ ಹುಳು ಹಾಕಿದ ಹಿಕ್ಕೆಯ ಸಣ್ಣ ಸಣ್ಣ ಗುಪ್ಪೆ. ಈ ಸಲ ಟೊಮೇಟೊ ಬಿಟ್ಟು ಹಾಕಿದ ರಾಗಿಯ ಬೇರು ಆಳಕ್ಕೆ ಇಳಿದಿದೆ. ಹೋದ ವಾರದ ದೊಡ್ಡ ಮಳೆಗೂ ನೀರು ಬದು ದಾಟಲಿಲ್ಲ. ಸುದ್ದಿ ಕೇಳಿ ಭಾವನವರು ಹಠ ಹಿಡಿದು, ಕುರ್ಚಿ ಸಮೇತ ಹೊರಿಸಿಕೊಂಡು ಬಂದರು. ಬಹಳ ಹೊತ್ತು ನೋಡಿದರು. “ನೀರು ಇಂಗೈತೆ ಕಣವ್ವ. ಅವತ್ತೂ ಇಂಗಿದ್ದಿದ್ರೆ...” ಎಂದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಊಟ ಬಿಡಬೇಡಿ. ಯಾರ ಮೇಲೂ ಸಿಟ್ಟಾಗಬೇಡಿ. ದೇವರು ನಿಮ್ಮನ್ನು ಕಾಯಲಿ.

ಇಂತಿ ನಿಮ್ಮ
ವರಲಕ್ಷ್ಮಮ್ಮ

ವಿ.ಸೂ.: ಭಾವನವರು ಮೊನ್ನೆ ಸೋಮವಾರ ತೀರಿಕೊಂಡರು. ಮೇಲೆ ಬರೆಯಲು ಕೈ ಬರಲಿಲ್ಲ. ಜೈಲಿನವರ ಹತ್ತಿರ ಪೆರೋಲ್ ಕೇಳಿಕೊಳ್ಳಿ. ಯಲ್ಲಮ್ಮಕ್ಕ ಈಗ ತಾನೇ ನಮ್ಮ ಬಾಗಿಲಿಗೆ ಬಂದು ಹೇಳಿ ಹೋದರು: “ಮಣ್ಣು ಹಾಕಾಕಂತೂ ಬರ್ನಿಲ್ಲ, ತಿಥಿಗಾದ್ರೂ ಬರಾಕೆ ಕಾಗ್ದ ಬರಿ. ನಾನು ಮಾತಾಡ್ಸಕಿಲ್ಲ. ಆದ್ರೂ ಬರ್ಲಿ.”