ನಾರು ಹುಣ್ಣಿನಿಂದ ಯಾರೂ ಸತ್ತಿಲ್ಲವಂತೆ

ನಮ್ಮ ನಾಲ್ಕು ತಾಲೂಕುಗಳ ರೋಗ ಗಣತಿ ನಡೆಸಿದ ಅಧಿಕಾರಿಗಳಿಗೆ

ಮಾನ್ಯರೇ,

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳಲ್ಲಿ ನಾರು ಹುಣ್ಣಿನ ಹಾವಳಿ ‘ಗಣನೆಗೆ ಬಾರದಷ್ಟು’ ಎಂದು ತಮ್ಮ ವರದಿ ಸಾರಿದೆ. ಕಾರಣವನ್ನೂ ದಯಪಾಲಿಸಿದ್ದೀರಿ: ಈ ರೋಗದಿಂದ ಸತ್ತವರಿಲ್ಲ. ಅದೊಂದು ವಾಕ್ಯದ ಬಲದಿಂದ, ನಮ್ಮೂರ ಮೆಟ್ಟಿಲು ಬಾವಿಯನ್ನು ಸೇದುವ ಬಾವಿ ಮಾಡಿಸುವ ಕೆಲಸ ಪಟ್ಟಿಯಿಂದ ಬಿದ್ದುಹೋಯಿತು. ಆ ವಾಕ್ಯಕ್ಕೆ ಆಧಾರ ಒದಗಿಸಿದವರಲ್ಲಿ ನಾನೂ ಒಬ್ಬ. ಆದ್ದರಿಂದಲೇ ಹತ್ತು ಜನ ಓದುವಂತೆ ಈ ಪತ್ರ ಬರೆಯುತ್ತಿದ್ದೇನೆ.

ನಾನು ಇಂಗಳೇಶ್ವರದಿಂದ ಎರಡು ಹರದಾರಿ ದೂರದ ಹಳ್ಳಿಯೊಂದರ ಕನ್ನಡ ಶಾಲೆಯ ಮಾಸ್ತರ. ಕಳೆದ ಮಾರ್ಚಿನಲ್ಲಿ ತಾವು ಕಳಿಸಿದ ಫಾರಮು ಹಿಡಿದು ನೂರಾ ನಲವತ್ತೆಂಟು ಮನೆಗಳ ಹೊಸ್ತಿಲು ತುಳಿದೆ. ಫಾರಮು ಎರಡೇ ಪ್ರಶ್ನೆ ಕೇಳಿತ್ತು. ರೋಗದಿಂದ ಸತ್ತವರೆಷ್ಟು? ದವಾಖಾನೆ ಸೇರಿದವರೆಷ್ಟು? ನಾನು ಕಂಡದ್ದು ಮಾತ್ರ ಬೇರೆ. ಅರವತ್ತಮೂರು ಜನ ಕಾಲು ಚಾಚಿ ಬಿದ್ದಿದ್ದರು. ತಮ್ಮ ಮನೆಯಲ್ಲಿ ನಳದ ನೀರು ಇರುವುದರಿಂದ ನಾರು ಎಂದರೇನೆಂದು ತಮಗೆ ತಿಳಿದಿರಲಿಕ್ಕಿಲ್ಲ. ಬಾವಿಯ ನೀರಿನೊಡನೆ ಹೊಟ್ಟೆ ಸೇರುವ ಹುಳ ಅದು. ವರ್ಷ ತುಂಬುವ ಹೊತ್ತಿಗೆ ಕಾಲಿನಲ್ಲಿ ಬೊಬ್ಬೆ ಎಬ್ಬಿಸಿ, ಬಿಳಿ ದಾರದಂತೆ ಹೊರಗೆ ತಲೆ ಹಾಕುತ್ತದೆ. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಬೆರಳಗಲ ಎಳೆಯಬೇಕು. ಅವಸರ ಮಾಡಿದರೆ ಹರಿಯುತ್ತದೆ. ಹರಿದರೆ ಕಾಲು ಬಾತು ಕೀವಾಗುತ್ತದೆ. ಉರಿ ತಾಳದವರು ಕಾಲನ್ನು ಮತ್ತೆ ಅದೇ ಬಾವಿಯ ನೀರಿಗೇ ಇಳಿಬಿಡುತ್ತಾರೆ. ಮುಂದಿನ ವರ್ಷದ ಬೆಳೆಗೆ ಬಿತ್ತನೆ ಅಲ್ಲಿಯೇ ಆಗಿಬಿಡುತ್ತದೆ.

ನನಗೆ ತಡೆಯಲಾಗದೆ ಯಾರು ಎಷ್ಟು ದಿನದಿಂದ ಬಿದ್ದಿದ್ದಾರೆಂದು ಫಾರಮಿನ ಅಂಚಿನಲ್ಲಿ ಬರೆದೆ. ತಪಾಸಣೆಗೆ ಬಂದ ತಮ್ಮ ಕಾರಕೂನರು ಕನ್ನಡಕ ಏರಿಸಿದರು.

“ಮಾಸ್ತರ, ಅಂಚಿನ್ಯಾಗ ಏನ್ರಿ ಇದು ಪುರಾಣ?”

“ನಾರ ಎದ್ದು ಬಿದ್ದವರ ಲೆಕ್ಕರಿ. ಅರವತ್ಮೂರ ಮಂದಿ.”

“ಸತ್ತಾರೇನು?”

“ಇಲ್ರಿ.”

“ದವಾಖಾನಿಗಿ ಹೋಗ್ಯಾರೇನು?”

“ಏಳಾಕ ಬರಲಾರದವರು ಒಂಬತ್ತ ಮೈಲ ಹ್ಯಾಂಗ ಹೋಗ್ತಾರ್ರಿ?”

“ಅದನ್ನ ಫಾರಮ್ ಕೇಳಿಲ್ಲ. ಎರಡೂ ಕಡೆ ಸೊನ್ನಿ ಹಾಕಿ ಸಹಿ ಮಾಡ್ರಿ.”

ಮಾಡಿದೆ. ಸರಕಾರಿ ನೌಕರ, ಅಂಜಿದೆ. ಇದಕ್ಕಿಂತ ದೊಡ್ಡ ಕಾರಣ ನನ್ನಲ್ಲಿಲ್ಲ.

ಸಾವೊಂದೇ ರೋಗದ ಅಳತೆಗೋಲಾದರೆ ಕುರುಡು ರೋಗವಲ್ಲ, ಹುಚ್ಚು ರೋಗವಲ್ಲ, ಹಾಸಿಗೆ ಹಿಡಿದ ಪಾರ್ಶ್ವವಾಯುವೂ ವಿಶ್ರಾಂತಿಯೇ ಇರಬೇಕು! ಅರವತ್ತಮೂರು ಜನ, ಒಬ್ಬೊಬ್ಬರು ಸರಾಸರಿ ಒಂದೂವರೆ ತಿಂಗಳು ಬಿದ್ದರು. ನಾನು ಮಕ್ಕಳಿಗೆ ಗುಣಾಕಾರ ಕಲಿಸುವವನು, ತಾವೂ ಮಾಡಿ ನೋಡಿ. ಒಂದು ಬೇಸಿಗೆಯಲ್ಲಿ ಒಂದು ಹಳ್ಳಿ ಒಬ್ಬ ಮನುಷ್ಯನ ಏಳು ವರ್ಷಕ್ಕೂ ಮಿಕ್ಕ ಆಯುಷ್ಯವನ್ನು ಹಗ್ಗದ ಹೊರಸಿನ ಮೇಲೆ ಮಲಗಿ ಕಳೆದಿದೆ. ನಾಲ್ಕು ತಾಲೂಕಿಗೆ ಎಷ್ಟಾದೀತು?

ಇನ್ನು, ಆ ದಿನಗಳಲ್ಲಿ ಬಿದ್ದವರು ಮಾಡಬೇಕಿದ್ದ ಕೆಲಸ ಏನಾಯಿತೆಂದು ಯಾರು ಎಣಿಸಬೇಕು? ನನ್ನ ಮನೆಯಲ್ಲಿ ಆದದ್ದನ್ನು ಹೇಳುತ್ತೇನೆ.

ಅರವತ್ತಮೂವರಲ್ಲಿ ಸಿದ್ದವ್ವ ಒಬ್ಬಳು. ನಲವತ್ತು ವರ್ಷದಿಂದ ನಮ್ಮೂರ ಸೂಲಗಿತ್ತಿ. ನನ್ನ ಮಗಳು ಹಜರಾಬಿಯನ್ನು ಮಡಿಲಿಗೆ ಇಳಿಸಿಕೊಂಡವಳೂ ಅವಳೇ. ಆಗ ಹಜರಾಬಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ನಾನು ಸೊನ್ನೆ ಹಾಕಿ ಹದಿನೇಳನೆಯ ದಿನ, ಮುಂಜಾನೆ, ಬೇನೆ ಶುರುವಾಯಿತು. ಸಿದ್ದವ್ವನನ್ನು ಕರೆಯಲು ಓಡಿದ ನನ್ನ ಹೆಂಡತಿ ಬಿಬಿಜಾನ ಒಬ್ಬಳೇ ತಿರುಗಿ ಬಂದಳು.

“ಸಿದ್ದವ್ವಗ ನಿಂದ್ರಾಕ ಆಗವಲ್ದು. ಮೊಣಕಾಲಾಗ ನಾರ ಎದ್ದೈತಿ. ಹೊರಸಿನ ಮ್ಯಾಲ ಹೊತಗೊಂಡ ಒಯ್ರಿ, ಬರ್ತೇನಿ ಅಂದಾಳ.”

ಹೊರಸು ಹೊರಲು ನಾಲ್ಕು ಜನ ಬೇಕು. ಸಿದ್ದವ್ವನ ಗಂಡ ಸೋಮನಿಂಗನೂ ಬಿದ್ದಿದ್ದ. ಪಕ್ಕದ ಮನೆಯ ಅಮಸಿದ್ದನೂ ಬಿದ್ದಿದ್ದ. ಕಾಲು ನೆಟ್ಟಗಿದ್ದವರು ಹೊಲ ಸೇರಿದ್ದರು. ಮೈಲು ದೂರದ ಕಣದಿಂದ ಗುರಪ್ಪನನ್ನೂ ಅವನ ತಮ್ಮಂದಿರಿಬ್ಬರನ್ನೂ ಕರೆತಂದು, ನಾಲ್ಕನೆಯವನಾಗಿ ನಾನೇ ಹೆಗಲು ಕೊಡುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು. ದಾರಿಯಲ್ಲಿ ನನ್ನ ಕಾಲು ಕಲ್ಲಿಗೆ ಎಡವಿ ಹೊರಸು ವಾಲಿತು. ಸಿದ್ದವ್ವ ಚೀರಿದಳು. ನಾವು ಇಳಿಸಹೋದೆವು.

“ನಾರ ಹರೀತು, ಹರೀಲಿ ಬಿಡ್ರಿ. ನಿಂದ್ರಬ್ಯಾಡ್ರಿ, ನಡೀರಿ!”

ಕೂಸಿನ ಕಾಲು ಮುಂದಾಗಿ ಬರುತ್ತಿತ್ತು. ಸಿದ್ದವ್ವನಿಗೆ ಮೊಣಕಾಲೂರಲು ಆಗಲಿಲ್ಲ. ಗೋಡೆಗೆ ಒರಗಿ, ಕಾಲು ಚಾಚಿ, ಹೀಗೆ ಹಿಡಿ, ಹಾಗೆ ತಿರುಗಿಸು ಎಂದು ಹೇಳುತ್ತ ಹೋದಳು. ಎಂದೂ ಸೂಲ ಮಾಡಿಸದ ಬಿಬಿಜಾನ ಅವಳು ಹೇಳಿದಂತೆ ಕೈ ಹಾಕಿದಳು. ಹೊರಗೆ ನಿಂತ ನನಗೆ ಹೆಂಗಸರ ಅಳು ಕೇಳಿಸಿತು, ಕೂಸಿನದು ಕೇಳಿಸಲಿಲ್ಲ. ಗಂಡು ಕೂಸು.

ಮಗಳು ಉಳಿದಳು. ಅವಳನ್ನು ನೋಡಲು ಒಳಗೆ ಹೋದಾಗ ಸಿದ್ದವ್ವ ನನ್ನ ಮುಖ ನೋಡದೆ ಹೇಳಿದಳು: “ಮಾಸ್ತರ, ಮುಂಜಾನಿ ಬಂದಿದ್ರ ಕೂಸಿನ್ನ ಹೊಳ್ಳಿಸಿ ತಲಿ ಮುಂದ ಮಾಡತಿದ್ನಿ. ಇಂಥಾವು ಎಷ್ಟ ಹೊಳ್ಳಿಸೇನಿ ಈ ಕೈಲೆ.”

ಮೂರನೆಯ ದಿನ ಹಜರಾಬಿ ನನ್ನನ್ನು ಕೇಳಿದಳು. “ಅಬ್ಬಾ, ನನ್ನ ಕೂಸಿನ್ನ ಚಾವಡ್ಯಾಗ ಬರಸೀರೇನು?” ಹೋದೆ. ಉಸಿರಾಡದೆ ಹುಟ್ಟಿದ್ದಕ್ಕೆ ಹುಟ್ಟೂ ಇಲ್ಲ, ಸಾವೂ ಇಲ್ಲ ಎಂದು ಚಾವಡಿಯವರು ಹುಟ್ಟು-ಸಾವಿನ ಪುಸ್ತಕ ಮುಚ್ಚಿದರು. ಅವಳಿಗೆ ಮಾತ್ರ ಬರೆಸಿದ್ದೇನೆ ಎಂದೆ. ಅದು ನನ್ನ ಎರಡನೆಯ ಸುಳ್ಳು.

ಆದ್ದರಿಂದ ತಮ್ಮ ವರದಿ ಅಕ್ಷರಶಃ ನಿಜ. ನಾರು ಯಾರನ್ನೂ ಕೊಂದಿಲ್ಲ. ಸಿದ್ದವ್ವ ಬದುಕಿದ್ದಾಳೆ, ಹರಿದ ನಾರು ಕೀವಾಗಿ ಮಡಚಿಕೊಂಡ ಮೊಣಕಾಲು ಬಿಚ್ಚುತ್ತಿಲ್ಲ ಅಷ್ಟೆ. ಇನ್ನು ಅವಳು ಯಾರ ಮನೆಗೂ ಸೂಲಕ್ಕೆ ಹೋಗಲಾರಳು. ನಮ್ಮೂರಲ್ಲಿ ಈಗ ಐವರು ಬಸುರಿಯರಿದ್ದಾರೆ. ಅವರ ಗತಿಯನ್ನು ಯಾವ ಪ್ರಶ್ನೆಯ ಕೆಳಗೆ ಬರೆಯಲಿ, ಅಪ್ಪಣೆಯಾಗಲಿ.

ನನ್ನ ಬೇಡಿಕೆ ಇಷ್ಟೆ. ಮುಂದಿನ ಬೇಸಿಗೆಗೆ ಮೊದಲು ನಮ್ಮ ಬಾವಿಯ ಮೆಟ್ಟಿಲು ಮುಚ್ಚಿಸಿ, ಸುತ್ತ ಕಟ್ಟೆ ಕಟ್ಟಿಸಿ. ಬಿದ್ದವರನ್ನೂ, ಅವರು ಬಿದ್ದ ದಿನಗಳನ್ನೂ ಎಣಿಸುವ ಗಣತಿ ಮಾಡಿಸಿ. ಇದಾವುದೂ ಆಗದಿದ್ದರೆ, ಅರವತ್ತಮೂರು ಜನರನ್ನು ಸೊನ್ನೆಯಲ್ಲಿ ಮುಚ್ಚಿ ಸರಕಾರಿ ಕಾಗದದಲ್ಲಿ ತಿಳಿದೂ ಸುಳ್ಳು ಬರೆದೆನೆಂದು ನನ್ನ ಮೇಲೆ ಖಟ್ಲೆ ಹೂಡಿ. ತಪ್ಪೊಪ್ಪಿಗೆ ಇಲ್ಲಿಯೇ ಇದೆ, ಕೆಳಗೆ ಸಹಿಯೂ ಇದೆ. ಆದರೆ ನನ್ನ ಸುಳ್ಳನ್ನು ಸಾಬೀತು ಮಾಡಲು ತಾವು ನೂರಾ ನಲವತ್ತೆಂಟು ಮನೆಗಳಿಗೆ ಹೋಗಿ, ಒಬ್ಬೊಬ್ಬರ ಕಾಲು ನೋಡಿ, ಎಣಿಸಬೇಕಾಗುತ್ತದೆ. ಎಣಿಸಿ.

ಇಂತಿ,
ತಮ್ಮ ಗಣತಿಗೆ ಸೊನ್ನೆ ಬರೆದುಕೊಟ್ಟ ವಿಧೇಯ
ಜೈನುದ್ದೀನ ಮಾಸ್ತರ
ಬಸವನ ಬಾಗೇವಾಡಿ ತಾಲೂಕು, ಆಗಸ್ಟ್ ೧೯೬೨